ಇಲ್ಲದ ಟೈಮ್‌ಔಟ್ ಕೇಳಿದ ವೆಬ್ಬರ್: ತಪ್ಪು ಆಟಗಾರನದ್ದೋ, ಬೆಂಚಿನದ್ದೋ?

1993ರ ಏಪ್ರಿಲ್ 5. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಫೈನಲ್ ನೋಡಲು 64 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ನಾರ್ತ್ ಕ್ಯಾರೊಲೈನಾ 73, ಮಿಷಿಗನ್ 71. ಆಟ ಮುಗಿಯಲು 11 ಸೆಕೆಂಡು ಬಾಕಿ. ಚೆಂಡು ಮಿಷಿಗನ್ ತಂಡದ ಕ್ರಿಸ್ ವೆಬ್ಬರ್ ಕೈಯಲ್ಲಿತ್ತು. ಒಂದು ಬುಟ್ಟಿ ಹಾಕಿದರೆ ಸಮ, ದೂರದಿಂದ ಮೂರು ಅಂಕದ್ದು ಹಾಕಿದರೆ ಗೆಲುವು. ಅಷ್ಟರಲ್ಲಿ ವೆಬ್ಬರ್ ಎರಡು ಕೈ ಸೇರಿಸಿ ಟೈಮ್‌ಔಟ್ ಕೇಳಿದರು. ತಂಡದ ಹತ್ತಿರ ಒಂದೂ ಟೈಮ್‌ಔಟ್ ಉಳಿದಿರಲಿಲ್ಲ.

ಕಬಡ್ಡಿ ನೋಡುವವರಿಗೆ ಟೈಮ್‌ಔಟ್ ಹೊಸದಲ್ಲ. ಆಟ ನಿಲ್ಲಿಸಿ ಕೋಚ್ ಜೊತೆ ಮಾತಾಡಲು ಸಿಗುವ ಸಣ್ಣ ಬಿಡುವು ಅದು. ಬ್ಯಾಸ್ಕೆಟ್‌ಬಾಲ್‌ನಲ್ಲೂ ಇಂತಿಷ್ಟೇ ಎಂದು ಲೆಕ್ಕ ಇರುತ್ತದೆ. ಲೆಕ್ಕ ಮುಗಿದ ಮೇಲೂ ಕೇಳಿದರೆ ಟೆಕ್ನಿಕಲ್ ಫೌಲ್. ಅಂದಿನ ನಿಯಮದಂತೆ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಅವಕಾಶ, ತಲಾ ಒಂದು ಅಂಕ) ಸಿಕ್ಕವು, ಅದರ ಮೇಲೆ ಚೆಂಡೂ ಸಿಕ್ಕಿತು. ಡಾನಲ್ಡ್ ವಿಲಿಯಮ್ಸ್ ಎರಡನ್ನೂ ಬುಟ್ಟಿಗೆ ಹಾಕಿದರು. ಆಮೇಲೆ ಫೌಲ್ ಮಾಡಿಸಿಕೊಂಡು ಇನ್ನೆರಡು ಹಾಕಿದರು. 77–71. ಮಿಷಿಗನ್ ಸೋತಿತು.

ಮೂವತ್ತು ವರ್ಷ ದಾಟಿದರೂ ಅಭಿಮಾನಿಗಳ ಜಗಳ ಮುಗಿದಿಲ್ಲ. ಒಂದು ಗುಂಪು ಹೇಳುವುದು: ಇಷ್ಟು ದೊಡ್ಡ ಆಟಗಾರನಿಗೆ ಎಷ್ಟು ಟೈಮ್‌ಔಟ್ ಇದೆ ಅಂತ ಗೊತ್ತಿರಬೇಡವಾ? ಇನ್ನೊಂದು ಗುಂಪು ಕೇಳುವುದು: ಕೋಚ್ ಸ್ಟೀವ್ ಫಿಶರ್ ಮತ್ತು ಅವರ ಬೆಂಚು (ಸಹಾಯಕ ಕೋಚ್‌ಗಳು, ಹೊರಗೆ ಕೂತ ಆಟಗಾರರು) ಏನು ಮಾಡುತ್ತಿತ್ತು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೈ ಎತ್ತಿದ್ದು ವೆಬ್ಬರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಸ್ತಿ ಪಾಲು ಬೆಂಚಿನದ್ದು. ಯಾಕೆ ಅನ್ನುವುದಕ್ಕೆ ಆ ಕೊನೆಯ ನಿಮಿಷವನ್ನು ಸೆಕೆಂಡು ಸೆಕೆಂಡಾಗಿ ನೋಡಬೇಕು.

ಅದಕ್ಕೂ ಮುಂಚೆ ಈ ತಂಡ ಯಾವುದು ಅಂತ ಸ್ವಲ್ಪ. 1991ರಲ್ಲಿ ಮಿಷಿಗನ್‌ಗೆ ಒಂದೇ ವರ್ಷ ಐವರು ಹೊಸ ಹುಡುಗರು ಬಂದರು: ಕ್ರಿಸ್ ವೆಬ್ಬರ್, ಜೇಲನ್ ರೋಸ್, ಜುವಾನ್ ಹವರ್ಡ್, ಜಿಮ್ಮಿ ಕಿಂಗ್, ರೇ ಜಾಕ್ಸನ್. ಜನ ಅವರನ್ನು ‘ಫ್ಯಾಬ್ ಫೈವ್’ ಎಂದು ಕರೆದರು. ಮೊದಲ ವರ್ಷವೇ ಐವರೂ ಒಟ್ಟಿಗೆ ಆಟ ಶುರು ಮಾಡುವ ತಂಡದಲ್ಲಿದ್ದರು. ದೊಗಲೆ ಚಡ್ಡಿ, ಕಪ್ಪು ಸಾಕ್ಸ್, ಮೈದಾನದಲ್ಲಿ ಬಾಯಿ ತುಂಬ ಮಾತು. ಅರ್ಧ ಅಮೆರಿಕ ಅವರನ್ನು ಪ್ರೀತಿಸಿತು, ಇನ್ನರ್ಧಕ್ಕೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. 1992ರಲ್ಲಿ ಫೈನಲ್‌ಗೆ ಹೋಗಿ ಡ್ಯೂಕ್ ಎದುರು 71–51ರಿಂದ ಸೋತರು. 1993ರಲ್ಲಿ ಸೆಮಿಫೈನಲ್‌ನಲ್ಲಿ ಕೆಂಟಕಿಯನ್ನು ಹೆಚ್ಚುವರಿ ಸಮಯದಲ್ಲಿ 81–78ರಿಂದ ಸೋಲಿಸಿ ಮತ್ತೆ ಫೈನಲ್‌ಗೆ ಬಂದರು. ಈ ಹಿನ್ನೆಲೆ ಮುಖ್ಯ. ಇವರನ್ನು ಸೊಕ್ಕಿನ ಹುಡುಗರು ಎಂದು ಮೊದಲೇ ತೀರ್ಮಾನ ಮಾಡಿದ್ದವರಿಗೆ ಆ ರಾತ್ರಿಯ ತಪ್ಪು ಬೇಕಾದ ಸಾಕ್ಷಿಯಂತೆ ಸಿಕ್ಕಿತು. ತಪ್ಪು ಆಗುವ ಮೊದಲೇ ತಪ್ಪಿತಸ್ಥರು ಯಾರು ಅಂತ ಆರಿಸಿ ಆಗಿತ್ತು.

ಕೊನೆಯ 46 ಸೆಕೆಂಡು

ನಾಲ್ಕೂವರೆ ನಿಮಿಷ ಬಾಕಿ ಇರುವಾಗ ಮಿಷಿಗನ್ 67–63ರಿಂದ ಮುಂದಿತ್ತು. ಅಲ್ಲಿಂದ ನಾರ್ತ್ ಕ್ಯಾರೊಲೈನಾ ಸತತ ಒಂಬತ್ತು ಅಂಕ ಗಳಿಸಿತು. ವಿಲಿಯಮ್ಸ್ ಅವರ ಮೂರು ಅಂಕದ ಹೊಡೆತ, ಆಮೇಲೆ ಡೆರಿಕ್ ಫೆಲ್ಪ್ಸ್, ಜಾರ್ಜ್ ಲಿಂಚ್, ಎರಿಕ್ ಮಾಂಟ್ರಾಸ್ ಒಬ್ಬೊಬ್ಬರದು ಎರಡೆರಡು. 72–67. ಅಷ್ಟು ಹೊತ್ತು ಮಿಷಿಗನ್ ಒಂದು ಅಂಕವನ್ನೂ ಗಳಿಸಲಿಲ್ಲ. ಜಗಳದಲ್ಲಿ ಈ ಭಾಗವನ್ನು ಬಹಳ ಜನ ಮರೆತೇಬಿಡುತ್ತಾರೆ. ಟೈಮ್‌ಔಟ್ ಕಣ್ಣಿಗೆ ಹೊಡೆದು ಕಾಣುತ್ತದೆ, ಮೂರು ನಿಮಿಷದ ಬರ ಕಾಣುವುದಿಲ್ಲ.

ರೇ ಜಾಕ್ಸನ್ ಒಂದು ಬುಟ್ಟಿ ಹಾಕಿ 72–69 ಮಾಡಿದರು. 46 ಸೆಕೆಂಡು ಬಾಕಿ ಇರುವಾಗ ಮಿಷಿಗನ್ ಟೈಮ್‌ಔಟ್ ತೆಗೆದುಕೊಂಡಿತು. ಅದೇ ಅವರ ಕೊನೆಯದು. ಇಡೀ ಪ್ರಕರಣದ ಕೀಲಿ ಇರುವುದು ಈ ಬಿಡುವಿನಲ್ಲಿ. ಇನ್ನು ಟೈಮ್‌ಔಟ್ ಇಲ್ಲ ಎಂಬ ಮಾತು ಐದೂ ಜನರ ಕಿವಿಗೆ, ಬೆಂಚಿನಲ್ಲಿ ಕೂತವರ ಕಿವಿಗೂ, ಬೀಳಬೇಕಾಗಿದ್ದು ಇಲ್ಲೇ.

ಆಟ ಮತ್ತೆ ಶುರುವಾದ ಕೂಡಲೇ ಕ್ಯಾರೊಲೈನಾದ ಬ್ರಯನ್ ರೀಸ್ ಗೆರೆ ತುಳಿದು ಚೆಂಡು ಕಳೆದುಕೊಂಡರು. ರೋಸ್ ಹೊಡೆದದ್ದು ತಪ್ಪಿತು, ವೆಬ್ಬರ್ ಆ ಚೆಂಡು ಹಿಡಿದು ಬುಟ್ಟಿಗೆ ಹಾಕಿದರು. 72–71, 36 ಸೆಕೆಂಡು. ಆಮೇಲೆ 20 ಸೆಕೆಂಡು ಇರುವಾಗ ಗಡಿಯಾರ ನಿಲ್ಲಿಸಲು ಮಿಷಿಗನ್ ಬೇಕಂತಲೇ ಕ್ಯಾರೊಲೈನಾದ ಪ್ಯಾಟ್ ಸಲಿವನ್ ಮೇಲೆ ಫೌಲ್ ಮಾಡಿತು. ಸಲಿವನ್ ಮೊದಲ ಫ್ರೀ ಥ್ರೋ ಹಾಕಿದರು, ಎರಡನೆಯದು ತಪ್ಪಿತು. ತಪ್ಪಿ ಮರಳಿದ ಆ ಚೆಂಡು, ಅಂದರೆ ರೀಬೌಂಡ್, ವೆಬ್ಬರ್ ಕೈಗೆ ಬಂತು.

ಇಲ್ಲಿವರೆಗೆ ಎಲ್ಲವೂ ಮಿಷಿಗನ್ ಅಂದುಕೊಂಡಂತೆಯೇ ನಡೆದಿತ್ತು. ಆದರೆ ಚೆಂಡು ಸಿಕ್ಕ ಮರುಕ್ಷಣವೇ ವೆಬ್ಬರ್ ಗಲಿಬಿಲಿಯಾದರು. ಯಾರಿಗೆ ಕೊಡಲಿ ಎಂದು ತಿರುಗುವಾಗ ಕಾಲು ಎಳೆದರು. ಅದು ಸ್ಪಷ್ಟವಾಗಿ ಟ್ರಾವೆಲಿಂಗ್, ಅಂದರೆ ಚೆಂಡು ಬಡಿಯದೆ ಹೆಜ್ಜೆ ಇಡುವ ತಪ್ಪು. ಕ್ಯಾರೊಲೈನಾ ಬೆಂಚು ಎದ್ದು ಕೂಗಿತು, ರೆಫರಿ ವಿಸಿಲ್ ಊದಲಿಲ್ಲ. ಊದಿದ್ದರೆ ಚೆಂಡು ಕ್ಯಾರೊಲೈನಾಗೆ ಹೋಗುತ್ತಿತ್ತು, ಮಿಷಿಗನ್ ಮತ್ತೆ ಫೌಲ್ ಮಾಡಬೇಕಾಗುತ್ತಿತ್ತು, ಬಹುಶಃ ಸೋಲುತ್ತಿತ್ತು. ಆದರೆ ಆ ಸೋಲನ್ನು ಇವತ್ತು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ವೆಬ್ಬರ್ ತಾವೇ ಚೆಂಡು ಬಡಿಯುತ್ತಾ ಮುಂದಕ್ಕೆ ಓಡಿದರು. ಅರ್ಧ ಗೆರೆ ದಾಟಿ ಬಲಮೂಲೆಗೆ, ತಮ್ಮ ಬೆಂಚಿನ ಮುಂದಕ್ಕೇ ಬಂದರು. ಲಿಂಚ್ ಮತ್ತು ಫೆಲ್ಪ್ಸ್ ಇಬ್ಬರೂ ಸೇರಿ ಅವರನ್ನು ಅಲ್ಲೇ ಕಟ್ಟಿಹಾಕಿದರು. ಒಂದು ಕಡೆ ಗೆರೆ, ಎರಡು ಕಡೆ ಎದುರಾಳಿಗಳು. ಆಗ ಕೈ ಎತ್ತಿದರು.

‘ಹೇಳಿದ್ದೆವು’ ಅಂದರೆ ಸಾಕೇ?

ಆಟದ ನಂತರ ವೆಬ್ಬರ್ ಪತ್ರಕರ್ತರ ಮುಂದೆ ಬಂದು ಕೂತರು. ನಾನು ಟೈಮ್‌ಔಟ್ ಕೇಳಿದೆ, ನಮ್ಮ ಹತ್ತಿರ ಇರಲಿಲ್ಲ, ಬಹುಶಃ ಅದರಿಂದಲೇ ಆಟ ಕೈಬಿಟ್ಟಿತು ಎಂದು ನೇರವಾಗಿ ಹೇಳಿದರು. ರೆಫರಿ ಮೇಲೆ, ಕೋಚ್ ಮೇಲೆ, ಜೊತೆಗಾರರ ಮೇಲೆ ಹಾಕಲಿಲ್ಲ. ಆಗ ಅವರ ವಯಸ್ಸು 20. ಆಟಗಾರರು ಹೊಣೆ ಹೊರುವುದಿಲ್ಲ ಎಂದು ಗೊಣಗುವ ಅಭಿಮಾನಿಗಳು ಇದನ್ನು ಗಮನಿಸಬೇಕು. ಆಟಗಾರನಿಂದ ಇದಕ್ಕಿಂತ ಜಾಸ್ತಿ ಏನು ಕೇಳಲು ಸಾಧ್ಯ?

ಫಿಶರ್ ಕೂಡ ಮಾತಾಡಿದರು. ಟೈಮ್‌ಔಟ್ ಮುಗಿದಿದೆ ಎಂದು ಆ ಬಿಡುವಿನಲ್ಲಿ ಹೇಳಿದ್ದೆವು ಅಂದುಕೊಂಡಿದ್ದೇವೆ, ಆದರೆ ಸಾಕಷ್ಟು ಬಿಡಿಸಿ ಹೇಳಲಿಲ್ಲವೇನೋ ಎಂಬರ್ಥದ ಮಾತು ಅವರದ್ದು. ಯಾರೋ ಟೈಮ್‌ಔಟ್ ಎಂದು ಕೂಗಿದ್ದು ಕೇಳಿಸಿತು ಅಂತ ವೆಬ್ಬರ್ ಹೇಳಿದ್ದಾರೆ ಎಂದೂ ತಿಳಿಸಿದರು.

ಈ ಎರಡು ಮಾತೂ ಫಿಶರ್ ಬಾಯಿಂದಲೇ ಬಂದವು. ಅವರು ಪ್ರಾಮಾಣಿಕರು, ನುಣುಚಿಕೊಳ್ಳಲಿಲ್ಲ. ಆದರೆ ಆ ಮಾತುಗಳನ್ನು ಜೋಡಿಸಿ ನೋಡಿದರೆ ಬೆಂಚಿನ ಕಡೆಯ ಲೋಪ ಸ್ಪಷ್ಟವಾಗಿ ಕಾಣುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ ಮೇಷ್ಟ್ರು ಬಾಗಿಲಲ್ಲೇ ನಿಂತು ಏನೋ ಹೇಳಿ ಹೋದರೆ ಹಿಂದಿನ ಬೆಂಚಿನ ಹುಡುಗನಿಗೆ ಕೇಳಿಸಿತಾ ಇಲ್ಲವಾ ಅಂತ ಯಾರು ನೋಡಬೇಕು? ಸೂಪರ್‌ಡೋಮ್‌ನ ಗದ್ದಲದಲ್ಲಿ, ಮುಂದಿನ ಆಟದ ಯೋಜನೆ, ಯಾರನ್ನು ತಡೆಯಬೇಕು, ಯಾರ ಮೇಲೆ ಫೌಲ್ ಮಾಡಬೇಕು ಎಂಬ ಹತ್ತು ಮಾತಿನ ನಡುವೆ ಹನ್ನೊಂದನೆಯ ಮಾತಾಗಿ ಟೈಮ್‌ಔಟ್ ಇಲ್ಲ ಅಂದರೆ ಅದು ತಲೆಗೆ ಹೋಗುವುದಿಲ್ಲ. ಅದನ್ನು ಕೊನೆಯಲ್ಲಿ, ಮೈದಾನಕ್ಕೆ ಕಾಲಿಡುವ ಮುಂಚೆ, ಒಬ್ಬೊಬ್ಬರ ಕಣ್ಣು ನೋಡಿ ಹೇಳಬೇಕು. ಅವರಿಂದ ವಾಪಸ್ ಹೇಳಿಸಬೇಕು. ಸಹಾಯಕ ಕೋಚ್‌ಗಳು ಇರುವುದು ಇಂಥದ್ದಕ್ಕೇ ಅಲ್ವಾ?

ವೆಬ್ಬರ್‌ಗೆ ಕೇಳಿಸಿದ ಕೂಗು ಬೆಂಚಿನದ್ದೇ ಆಗಿದ್ದರೆ ಲೋಪ ಇನ್ನೂ ದೊಡ್ಡದು. ಅವರು ಸಿಕ್ಕಿಬಿದ್ದದ್ದು ಸ್ವಂತ ತಂಡದ ಬೆಂಚಿನ ಎದುರು. ಅಲ್ಲಿಂದ ಟೈಮ್‌ಔಟ್ ಎಂಬ ಧ್ವನಿ ಬಂದರೆ ಒತ್ತಡದಲ್ಲಿರುವ ಆಟಗಾರ ಅದನ್ನು ಆದೇಶ ಎಂದೇ ತಿಳಿಯುತ್ತಾನೆ. ಬೆಂಚಿನಲ್ಲಿ ಕೂತವರಿಗೂ ಲೆಕ್ಕ ಗೊತ್ತಿರಲಿಲ್ಲ ಎಂದಾದರೆ, ಆ ಕೊನೆಯ ಬಿಡುವಿನ ಸಂದೇಶ ಯಾರನ್ನೂ ಮುಟ್ಟಿರಲಿಲ್ಲ ಎಂದೇ ಅರ್ಥ. ಒಬ್ಬ ಮರೆತರೆ ಅವನ ತಪ್ಪು. ಇಡೀ ಗುಂಪಿಗೆ ಗೊತ್ತಿಲ್ಲದಿದ್ದರೆ ಹೇಳಿದವರ ತಪ್ಪು.

ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುತ್ತದೆ, ಆದರೆ ಇದನ್ನು ಕೇಳುವವರು ಕಮ್ಮಿ. ಚೆಂಡನ್ನು ವೆಬ್ಬರ್ ಯಾಕೆ ಒಯ್ಯುತ್ತಿದ್ದರು? ಅವರು 6 ಅಡಿ 9 ಇಂಚಿನ ಫಾರ್ವರ್ಡ್. ಅವರ ಜಾಗ ಬುಟ್ಟಿಯ ಹತ್ತಿರ. ಚೆಂಡನ್ನು ಮೈದಾನದ ಉದ್ದಕ್ಕೂ ತರುವುದು ರೋಸ್ ಕೆಲಸ. ಸಲಿವನ್ ಎರಡನೆಯ ಫ್ರೀ ಥ್ರೋ ತಪ್ಪಿದರೆ ಏನು ಎಂಬುದು ಊಹೆಗೆ ಮೀರಿದ ಸಂಗತಿಯಲ್ಲ. ರೀಬೌಂಡ್ ಯಾರಿಗೇ ಸಿಗಲಿ, ರೋಸ್ ಹತ್ತಿರ ಬಂದು ಚೆಂಡು ಇಸಿದುಕೊಳ್ಳಬೇಕು, ದೊಡ್ಡವರು ಚೆಂಡು ಬಡಿಯುತ್ತಾ ಓಡಬಾರದು ಎಂದು ಮೊದಲೇ ಗೊತ್ತಾಗಿರಬೇಕಿತ್ತು. ಆ ಎರಡು ಸೆಕೆಂಡಿನಲ್ಲಿ ವೆಬ್ಬರ್ ಹತ್ತಿರ ಯಾರೂ ಇರಲಿಲ್ಲ. ಕಾಲು ಎಳೆದದ್ದೂ, ಮೂಲೆಗೆ ಓಡಿದ್ದೂ, ಟೈಮ್‌ಔಟ್ ಕೇಳಿದ್ದೂ ಅದೇ ಒಂಟಿತನದಿಂದ ಹುಟ್ಟಿದ್ದು.

ಹಾಗಂತ ವೆಬ್ಬರ್ ಪೂರ್ತಿ ನಿರಪರಾಧಿ ಅಲ್ಲ. ಎರಡು ವರ್ಷ ಈ ಮಟ್ಟದಲ್ಲಿ ಆಡಿದವರಿಗೆ ಮೂಲೆಗೆ ಹೋಗಬಾರದು ಎಂದು ಗೊತ್ತಿರುತ್ತದೆ. ಗೆರೆ ಕೂಡ ಒಬ್ಬ ಎದುರಾಳಿಯೇ ಎಂದು ಎಲ್ಲ ಕೋಚ್‌ಗಳೂ ಕಲಿಸುತ್ತಾರೆ. 11 ಸೆಕೆಂಡು ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಣ್ಣ ಸಮಯವೂ ಅಲ್ಲ. ಚೆಂಡನ್ನು ಹೇಗಾದರೂ ಮಾಡಿ ಜೊತೆಗಾರನಿಗೆ ಎಸೆದಿದ್ದರೆ ಇನ್ನೊಂದು ಅವಕಾಶ ಇರುತ್ತಿತ್ತು. ಇದೆಲ್ಲ ನಿಜ. ಆದರೆ ಅದೇ ಆಟದಲ್ಲಿ ಅವರು 23 ಅಂಕ, 11 ರೀಬೌಂಡ್ ಗಳಿಸಿದ್ದರು. 36 ಸೆಕೆಂಡು ಇರುವಾಗ ತಂಡವನ್ನು ಒಂದು ಅಂಕದ ಹತ್ತಿರಕ್ಕೆ ತಂದವರೂ ಅವರೇ, ಕೊನೆಯ ರೀಬೌಂಡ್ ಹಿಡಿದವರೂ ಅವರೇ. ಅವರಿಲ್ಲದಿದ್ದರೆ ಕೊನೆಯ 11 ಸೆಕೆಂಡಿನಲ್ಲಿ ಗೆಲ್ಲುವ ಮಾತೇ ಇರುತ್ತಿರಲಿಲ್ಲ.

ನಾರ್ತ್ ಕ್ಯಾರೊಲೈನಾ ಅಭಿಮಾನಿಗಳಿಗೆ ಈ ಜಗಳ ಕೇಳಿದರೇ ಸಿಟ್ಟು. ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ಲಿಂಚ್ ಮತ್ತು ಫೆಲ್ಪ್ಸ್ ಆ ಮೂಲೆಯಲ್ಲಿ ಸುಮ್ನೆ ನಿಂತಿರಲಿಲ್ಲ. ಚೆಂಡು ಹಿಡಿದವನನ್ನು ಗೆರೆಯ ಕಡೆ ತಳ್ಳಿ ಇಬ್ಬರು ಮುತ್ತುವುದು ಕ್ಯಾರೊಲೈನಾ ಕೋಚ್ ಡೀನ್ ಸ್ಮಿತ್ ಅವರ ತಂಡಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದ ಆಟ. ಕೊನೆಯ ನಿಮಿಷಗಳಿಗೆ ಟೈಮ್‌ಔಟ್ ಉಳಿಸಿಕೊಳ್ಳುವುದಕ್ಕೂ ಸ್ಮಿತ್ ಹೆಸರುವಾಸಿ. ವಿಲಿಯಮ್ಸ್ 25 ಅಂಕ ಗಳಿಸಿ ಟೂರ್ನಿಯ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಗೆದ್ದವರ ಕೆಲಸ ಮರೆತು ಸೋತವರ ತಪ್ಪಿನ ಬಗ್ಗೆಯೇ ಮಾತಾಡಿದರೆ ಪ್ರಕರಣದ ಅರ್ಧ ಭಾಗ ಕೈಬಿಟ್ಟಂತೆ.

ಬೆಲೆ ತೆತ್ತವರು ಯಾರು?

ಇದೇ ಸೂಪರ್‌ಡೋಮ್‌ನಲ್ಲಿ, ಇದೇ ನಾರ್ತ್ ಕ್ಯಾರೊಲೈನಾ ಎದುರು, ಇದೇ ಡೀನ್ ಸ್ಮಿತ್ ಎದುರು 11 ವರ್ಷ ಮುಂಚೆ ಇಂಥದ್ದೇ ಒಂದು ಘಟನೆ ನಡೆದಿತ್ತು. 1982ರ ಫೈನಲ್‌ನಲ್ಲಿ ಮೈಕೆಲ್ ಜೋರ್ಡನ್ ಎಂಬ ಮೊದಲ ವರ್ಷದ ಹುಡುಗ ಹಾಕಿದ ಬುಟ್ಟಿಯಿಂದ ಕ್ಯಾರೊಲೈನಾ 63–62ರಿಂದ ಮುಂದೆ ಹೋಗಿತ್ತು. ಕೊನೆಯ ಸೆಕೆಂಡುಗಳಲ್ಲಿ ಜಾರ್ಜ್‌ಟೌನ್ ತಂಡದ ಫ್ರೆಡ್ ಬ್ರೌನ್ ಚೆಂಡನ್ನು ನೇರವಾಗಿ ಎದುರಾಳಿ ಜೇಮ್ಸ್ ವರ್ದಿ ಕೈಗೇ ಕೊಟ್ಟುಬಿಟ್ಟರು. ಆಟ ಮುಗಿದ ಕೂಡಲೇ ಕೋಚ್ ಜಾನ್ ಥಾಂಪ್ಸನ್ ಎಲ್ಲರ ಕಣ್ಣೆದುರೇ ಬ್ರೌನ್ ಅವರನ್ನು ತಬ್ಬಿಕೊಂಡರು. ಎರಡು ವರ್ಷದ ಮೇಲೆ, 1984ರಲ್ಲಿ, ಜಾರ್ಜ್‌ಟೌನ್ ಹ್ಯೂಸ್ಟನ್ ತಂಡವನ್ನು 84–75ರಿಂದ ಸೋಲಿಸಿ ಕಪ್ಪು ಗೆದ್ದಿತು. ಬ್ರೌನ್ ಆ ತಂಡದಲ್ಲೂ ಇದ್ದರು, ಥಾಂಪ್ಸನ್ ಮತ್ತೆ ಅವರನ್ನು ತಬ್ಬಿಕೊಂಡರು.

ವೆಬ್ಬರ್‌ಗೆ ಆ ಎರಡನೆಯ ಅವಕಾಶ ಬರಲಿಲ್ಲ. ಅವರು ಕಾಲೇಜು ಬಿಟ್ಟು ವೃತ್ತಿಪರ ಆಟಕ್ಕೆ ಹೋದರು. 1993ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಮೊದಲನೆಯವರಾಗಿ ಆಯ್ಕೆಯಾದರು, ಮುಂದಿನ ವರ್ಷ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡರು. ಆದರೂ ಹೋದಲ್ಲೆಲ್ಲ ಎದುರಾಳಿ ಅಭಿಮಾನಿಗಳು ಟೈಮ್‌ಔಟ್ ಎಂದು ಕೂಗುವುದು ತಪ್ಪಲಿಲ್ಲ. ಅಧ್ಯಕ್ಷ ಬಿಲ್ ಕ್ಲಿಂಟನ್ ಸಮಾಧಾನದ ಪತ್ರ ಬರೆದಿದ್ದರು ಎಂದರೆ ಆ ಸೋಲು ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂದು ಊಹಿಸಿ. ಫಿಶರ್ ತಮ್ಮ ಹುದ್ದೆಯಲ್ಲಿ ಮುಂದುವರಿದರು. ಮುಂದಿನ ವರ್ಷ ಉಳಿದ ನಾಲ್ವರ ಜೊತೆ ತಂಡವನ್ನು ಕೊನೆಯ ಎಂಟರ ಹಂತಕ್ಕೆ ಒಯ್ದರು.

ಫಿಶರ್ ಕೆಟ್ಟ ಕೋಚ್ ಎಂದು ನಾನು ಹೇಳುತ್ತಿಲ್ಲ. 1989ರಲ್ಲಿ ಟೂರ್ನಿ ಶುರುವಾಗುವ ಮುಂಚೆ ಮುಖ್ಯ ಕೋಚ್ ಬಿಲ್ ಫ್ರೀಡರ್ ಬೇರೆ ವಿಶ್ವವಿದ್ಯಾಲಯದ ಕೆಲಸ ಒಪ್ಪಿಕೊಂಡಾಗ, ತಂಡ ಫಿಶರ್ ಕೈಗೆ ಬಂತು. ಅವರು ಆರಕ್ಕೆ ಆರೂ ಆಟ ಗೆದ್ದರು. ಸೀಟನ್ ಹಾಲ್ ಎದುರು ಹೆಚ್ಚುವರಿ ಸಮಯದಲ್ಲಿ 80–79ರಿಂದ ಕಪ್ಪು ತಂದರು. ಒತ್ತಡದ ಕೊನೆಯ ಸೆಕೆಂಡುಗಳು ಅವರಿಗೆ ಹೊಸದಾಗಿರಲಿಲ್ಲ. ಅದಕ್ಕೇ 1993ರ ಲೋಪ ಜಾಸ್ತಿ ನೋವು ಕೊಡುತ್ತದೆ.

ಜಗಳ ಇನ್ನಷ್ಟು ಕಲಸಿದ್ದು ಆಮೇಲಿನ ಹಗರಣದಿಂದ. ಎಡ್ ಮಾರ್ಟಿನ್ ಎಂಬ ತಂಡದ ಬೆಂಬಲಿಗ ಮಿಷಿಗನ್‌ನ ನಾಲ್ವರು ಆಟಗಾರರಿಗೆ ಒಟ್ಟು 6,16,000 ಡಾಲರ್ ಕೊಟ್ಟಿದ್ದಾಗಿ 2002ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆಗ ಕಾಲೇಜು ಆಟಗಾರರು ಹೀಗೆ ಹಣ ಪಡೆಯುವಂತಿರಲಿಲ್ಲ. ಆ ನಾಲ್ವರಲ್ಲಿ ವೆಬ್ಬರ್ ಒಬ್ಬರು. ಆ ಹಣದ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಅವರು 2003ರಲ್ಲಿ ನ್ಯಾಯಾಂಗ ನಿಂದನೆಯ ತಪ್ಪು ಒಪ್ಪಿಕೊಂಡರು. ವಿಶ್ವವಿದ್ಯಾಲಯ 1992 ಮತ್ತು 1993ರ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಹಂತ) ಬ್ಯಾನರ್‌ಗಳನ್ನು ಇಳಿಸಿತು, ಆ ಆಟಗಳಲ್ಲಿ ಮಿಷಿಗನ್ ಪಾಲ್ಗೊಂಡದ್ದನ್ನೇ ದಾಖಲೆಯಿಂದ ಅಳಿಸಲಾಯಿತು. ಫಿಶರ್ ಅವರನ್ನು 1997ರಲ್ಲೇ ಕೆಲಸದಿಂದ ತೆಗೆದಿದ್ದರು. ಆಮೇಲೆ ಅವರು ಸ್ಯಾನ್ ಡಿಯಾಗೊ ಸ್ಟೇಟ್‌ನಲ್ಲಿ 1999ರಿಂದ 2017ರವರೆಗೆ ಕೋಚ್ ಆಗಿ ಒಳ್ಳೆಯ ಹೆಸರು ಮಾಡಿದರು.

ಹಣದ ವಿಷಯದಲ್ಲಿ ವೆಬ್ಬರ್ ಮಾಡಿದ್ದು ತಪ್ಪು. ಅದಕ್ಕೆ ಶಿಕ್ಷೆ ಆಯಿತು, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಆದೇಶದಂತೆ ಹತ್ತು ವರ್ಷ ಮಿಷಿಗನ್ ಅವರನ್ನು ದೂರ ಇಟ್ಟಿತು. ಆದರೆ ಬಹಳ ಜನ ಇದನ್ನೂ ಟೈಮ್‌ಔಟನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ನೋಡಿ, ಇವನು ಇಂಥವನೇ ಎಂದು ಹಿಂದಕ್ಕೆ ಹೋಗಿ ತೀರ್ಪು ಕೊಡುತ್ತಾರೆ. 20 ವರ್ಷದವನು ಒತ್ತಡದಲ್ಲಿ ಮಾಡಿದ ಲೆಕ್ಕದ ತಪ್ಪಿಗೂ ನ್ಯಾಯಾಲಯದಲ್ಲಿ ಹೇಳಿದ ಸುಳ್ಳಿಗೂ ಸಂಬಂಧವೇ ಇಲ್ಲ. 2018ರ ನವೆಂಬರ್‌ನಲ್ಲಿ ಮಿಷಿಗನ್ ಫುಟ್‌ಬಾಲ್ ತಂಡ ವೆಬ್ಬರ್ ಅವರನ್ನು ಗೌರವ ಕ್ಯಾಪ್ಟನ್ ಆಗಿ ಕರೆಯಿತು. 2021ರಲ್ಲಿ ಅವರ ಹೆಸರು ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿತು. ಆ ದಿನ ಕೂಡ ಸುದ್ದಿಗಳಲ್ಲಿ ಟೈಮ್‌ಔಟ್ ಪ್ರಸ್ತಾಪ ಇತ್ತು.

ಇವತ್ತಿನ ಆಟಕ್ಕೆ ಈ ಪ್ರಕರಣ ಹಳತಾಗಿಲ್ಲ. 2015–16ರ ಋತುವಿನಿಂದ ಪುರುಷರ ಕಾಲೇಜು ಆಟದಲ್ಲಿ, ಚೆಂಡು ಆಟದಲ್ಲಿರುವಾಗ ಕೋಚ್ ಬೆಂಚಿನಿಂದ ಟೈಮ್‌ಔಟ್ ಕೇಳುವಂತಿಲ್ಲ. ಮೈದಾನದಲ್ಲಿರುವ ಆಟಗಾರನೇ ಕೇಳಬೇಕು. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹಾಗಾಗಿ ಅಭಿಮಾನಿಗಳ ದನಿ ಬದಲಾಗಿದೆ. ದುಡ್ಡು ತಗೋತಾರಲ್ಲ, ಇನ್ನೇನು ಹುಡುಗರು ಅನ್ನೋದು, ತಪ್ಪು ಮಾಡಿದರೆ ಹೊರಲಿ ಎನ್ನುವ ಮಾತು ಈಗ ಜೋರಾಗಿದೆ.

ಆ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ದುಡ್ಡು ತೆಗೆದುಕೊಂಡವರು ಅಭ್ಯಾಸಕ್ಕೆ ಸರಿಯಾಗಿ ಬರಬೇಕು, ಎದುರಾಳಿಯನ್ನು ತಡೆಯುವ ಆಟದಲ್ಲಿ ಸೋಮಾರಿತನ ಮಾಡಬಾರದು, ಸೋತ ಮೇಲೆ ಪತ್ರಕರ್ತರ ಮುಂದೆ ಕೂರಬೇಕು. ಕೊನೆಯದನ್ನು ವೆಬ್ಬರ್ ಕೈಯಲ್ಲಿ ಸಂಬಳ ಇಲ್ಲದ ಕಾಲದಲ್ಲೇ ಮಾಡಿ ತೋರಿಸಿದರು. ಆದರೆ ಮಾಹಿತಿಯನ್ನು ಐದೂ ಜನರಿಗೆ ಮುಟ್ಟಿಸುವ ಕೆಲಸ ಆಟಗಾರನ ಸಂಬಳದಿಂದ ಅವನ ತಲೆಗೆ ಬರುವುದಿಲ್ಲ. ಅದು ಬೆಂಚಿನದ್ದಾಗಿಯೇ ಉಳಿಯುತ್ತದೆ. ಈಗಿನ ನಿಯಮದಲ್ಲಂತೂ ಕೋಚ್ ಗಡಿ ಗೆರೆಯ ಆಚೆ ನಿಂತು ಎಷ್ಟೇ ಕೂಗಿದರೂ ಕೈ ಎತ್ತಬೇಕಾದವನು ಮೈದಾನದಲ್ಲಿರುವ ಹುಡುಗ. ಹಾಗಾದರೆ ಅವನಿಗೆ ಲೆಕ್ಕ ಗೊತ್ತಿದೆಯೇ ಎಂದು ಕೊನೆಯ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕೇಳಿ ಕಳಿಸುವುದು 1993ಕ್ಕಿಂತ ಈಗ ಜಾಸ್ತಿ ಅಗತ್ಯ. ಒಂದು ತಂಡ ಇಂಥ ತಪ್ಪಿನಿಂದ ಸೋತಾಗ ನಾನು ಮೊದಲು ನೋಡುವುದು ಅದಕ್ಕಿಂತ ಮುಂಚಿನ ಟೈಮ್‌ಔಟನ್ನು: ಆ ಗುಂಪಿನಲ್ಲಿ ಯಾರು ಮಾತಾಡುತ್ತಿದ್ದರು, ಯಾರು ಕೇಳಿಸಿಕೊಳ್ಳುತ್ತಿದ್ದರು, ಮೈದಾನಕ್ಕೆ ಮರಳುವಾಗ ಸಹಾಯಕ ಕೋಚ್ ಯಾರನ್ನಾದರೂ ಹಿಡಿದು ನಿಲ್ಲಿಸಿ ಮತ್ತೊಮ್ಮೆ ಹೇಳಿದರಾ ಎಂದು. ಆಟಗಾರನ ಹೆಸರು ನನ್ನ ಪಟ್ಟಿಯಲ್ಲಿ ಅದರ ನಂತರ ಬರುತ್ತದೆ.